ಹದಿನೆಂಟೂವರೆ ಅಡಿ ಕೋಲು

ನಗರದ ಕೋಟೆ ಹತ್ತಿ ಮೇಲೆ ನಿಂತ ಮೇಲೆ ನನ್ನ ಗೆಳೆಯ ಸುತ್ತ ಒಂದು ಸಲ ಕಣ್ಣಾಡಿಸಿ, "ಎಲ್ಲಿ ಗುರು ಅರಮನೆ?" ಅಂದ. ನಾವು ನಿಂತಿದ್ದ ಕಲ್ಲಿನ ಜಗಲಿಯನ್ನೇ ತೋರಿಸಿ "ಇದೇ" ಅಂದೆ. ಅವನು ಮೈಸೂರಿನವನು. ಅರಮನೆ ಅಂದರೆ ಗುಮ್ಮಟ, ದೀಪ, ಟಿಕೆಟ್ಟಿನ ಕ್ಯೂ ಇರಬೇಕು ಅಂದುಕೊಂಡವನು. ಬೆಂಗಳೂರಿಂದ ಹೊರಡುವಾಗ ನಾನೇ ಜಂಭ ಕೊಚ್ಚಿದ್ದೆ, ನಮ್ಮ ಕಡೆನೂ ಅರಮನೆ, ಉದ್ಯಾನ ಎಲ್ಲಾ ಇದೆ ಬಾ ಅಂತ. ಈಗ ತೋರಿಸೋಕೆ ಇದ್ದದ್ದು ಒಂದು ಪಾಯ, ಹುಲ್ಲು, ಗೋಡೆ ಹಿಡಿದು ಬೆಳೆದ ಮರ.

ಅವನನ್ನು ದೂರಿ ಪ್ರಯೋಜನವಿಲ್ಲ. ಊರಿನ ಹೆಸರು ನಗರ, ಆದರೆ ಇವತ್ತು ಅದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಆಗ ಇದರ ಹೆಸರು ಬಿದನೂರು. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ಬಂದ ನಾಯಕರ ರಾಜಧಾನಿ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಾಲದಲ್ಲಿ ಘಟ್ಟದ ಕೆಳಗಿನ ಕರಾವಳಿಯ ಮೆಣಸು, ಅಕ್ಕಿಯ ವ್ಯಾಪಾರವೆಲ್ಲ ಇವರ ಹಿಡಿತದಲ್ಲಿತ್ತು. 1763ರಲ್ಲಿ ಹೈದರಾಲಿ ಬಂದ. ರಾಣಿ ವೀರಮ್ಮಾಜಿ ಬಲ್ಲಾಳರಾಯನ ದುರ್ಗದ ಕಡೆ ಹೊರಟಳು, ಹೋಗುವಾಗ ಅರಮನೆಗೆ ಬೆಂಕಿ ಇಡಿಸಿದಳು ಅಂತ ವಿಲ್ಕ್ಸ್ ಬರೆಯುತ್ತಾನೆ. ಇಲ್ಲಿ ಸಿಕ್ಕ ಐಶ್ವರ್ಯವೇ ತನ್ನ ಏಳಿಗೆಗೆ ಬುನಾದಿ ಅಂತ ಹೈದರ್ ಕೊನೆಯವರೆಗೂ ಹೇಳುತ್ತಿದ್ದನಂತೆ. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ. ಹೈದರ್ ಉದುರಿಹೋಗಿ ನಗರ ಉಳಿಯಿತು. ಇಪ್ಪತ್ತು ವರ್ಷಕ್ಕೆ ಇಂಗ್ಲಿಷರು ಬಂದರು, ಅದೇ 1783ರಲ್ಲಿ ಟಿಪ್ಪು ಬಂದು ಅವರನ್ನು ಓಡಿಸಿದ. ಇಷ್ಟೆಲ್ಲ ಆದಮೇಲೂ ಏನಾದರೂ ಉಳಿದಿದ್ದರೆ ಅದನ್ನು ನಮ್ಮ ಮಳೆ ಬಿಡುತ್ತಿರಲಿಲ್ಲ. ಮಲೆನಾಡಿನಲ್ಲಿ ಅರಮನೆ ಅಂದರೆ ಕಲ್ಲಿನ ಪಾಯದ ಮೇಲೆ ಮರ, ಮಣ್ಣು. ನಮ್ಮ ಹಳೇ ಮನೆಯ ಹಾಗೇ, ದೊಡ್ಡದು ಅಷ್ಟೇ.

"ಸರಿ, ಗಾರ್ಡನ್ ಆದ್ರೂ ತೋರಿಸು" ಅಂದ ಗೆಳೆಯ. ಕಾರು ಹತ್ತಿಸಿ ದೇವಗಂಗೆಗೆ ಕರೆದುಕೊಂಡು ಹೋದೆ. ನಗರಕ್ಕೆ ಹತ್ತಿರದಲ್ಲೇ, ಕಾಡಿನ ಮಗ್ಗುಲಲ್ಲಿದೆ. ಗುಡ್ಡದ ಒರತೆಯ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ತಾನೇ ಇಳಿಯುತ್ತದೆ. ಕೊಳಗಳಿಗೆ ಒಂದೊಂದು ಆಕಾರ, ಒಂದು ತಾವರೆಯ ಹಾಗೆ, ಒಂದು ನಕ್ಷತ್ರದ ಹಾಗೆ. ಪಂಪಿಲ್ಲ, ವಾಲ್ವಿಲ್ಲ. ಅವನು ಪ್ಯಾಂಟು ಮಡಚಿ ಕಾಲು ಇಳಿಬಿಟ್ಟು ಅರ್ಧ ಗಂಟೆ ಮಾತೇ ಆಡಲಿಲ್ಲ. ಮರ್ಯಾದೆ ಉಳಿಯಿತು ಅಂದುಕೊಂಡೆ.

ಆದರೆ ನನ್ನ ತಲೆಯಲ್ಲಿ ಬೇರೆಯೇ ಒಂದು ತೋಟ ಓಡುತ್ತಿತ್ತು. ಬೆಳಿಗ್ಗೆ ಸಾಗರದಲ್ಲಿ ತಿಂಡಿ ಮುಗಿಸಿ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿ ನೆಲದ ಮೇಲೆ ಅಡ್ಡ ಬಿದ್ದು ನಮಸ್ಕಾರ ಮಾಡುತ್ತಿರುವ ಕೆಳದಿಯ ಅರಸರ ಆಕೃತಿಗಳಿವೆ. ಕಾಲಿಟ್ಟುಬಿಟ್ಟೀರಿ, ನೋಡಿಕೊಂಡು ನಡೆಯಿರಿ. ಎಲ್ಲರೂ ಫೋಟೋ ತೆಗೆಯುವುದು ಅದನ್ನೇ. ನಾನು ನೋಡಲು ಹೋಗಿದ್ದು ನಡುವಿನ ಕಂಬಗಳನ್ನು. ಲೂಯಿ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾನೆ: ಆ ಎರಡು ಕಂಬಗಳ ನಡುವಿನ ಅಂತರವೇ ತೋಟದ ಜಮೀನು ಅಳೆಯುವ ಕೋಲಿನ ಉದ್ದ. ಇಂಗ್ಲಿಷ್ ಲೆಕ್ಕದಲ್ಲಿ 18 ಅಡಿ 6 ಇಂಚು. ಒಂದು ಮರಕ್ಕೆ ಇಷ್ಟು ಜಾಗ, ಅದರ ಹೆಸರು ದಾಯ. ಎಷ್ಟು ದಾಯವೋ ಅಷ್ಟು ಶಿಸ್ತು.

ಶಿಸ್ತು ಅಂದರೆ ಇಲ್ಲಿ ಸ್ಕೂಲಿನ ಶಿಸ್ತಲ್ಲ, ಕಂದಾಯ. ಶಿವಪ್ಪನಾಯಕ ಅದನ್ನು ಕೂತಲ್ಲೇ ನಿಗದಿ ಮಾಡಲಿಲ್ಲ. ಒಂದೊಂದು ಊರಲ್ಲಿ ಒಂದೊಂದು ಬಗೆಯ ಜಮೀನಿನಿಂದ ಒಂದು ಗದ್ದೆ ಆರಿಸಿ ಹನ್ನೆರಡು ವರ್ಷ ಸರ್ಕಾರವೇ ಸಾಗುವಳಿ ಮಾಡಿಸಿತು ಅಂತ ಹೇಳುತ್ತಾರೆ. ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು, ಮಾರಿದ್ದೆಷ್ಟಕ್ಕೆ, ಎಲ್ಲ ಕಡತದಲ್ಲಿ. ಆಮೇಲೆ ಸರಾಸರಿ ತೆಗೆದು ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ. ಮೂರರಲ್ಲೊಂದು ಕಡಿಮೆ ಏನಲ್ಲ, ರೈತನ ಮನೆಯವನಾಗಿ ಹೇಳುತ್ತಿದ್ದೇನೆ. ಆದರೂ ಎರಡು ವಾರದ ಡೇಟಾ ಹಿಡಿದು ವರ್ಷದ ಅಂದಾಜು ಕೊಡಬೇಕಾದ ಮೀಟಿಂಗಿನಲ್ಲಿ ಕೂತಾಗೆಲ್ಲ ನನಗೆ ಈ ಹನ್ನೆರಡು ವರ್ಷ ನೆನಪಾಗುತ್ತದೆ.

ಕೋಲನ್ನು ದೇವಸ್ಥಾನದ ಕಂಬಕ್ಕೆ ಕಟ್ಟಿಹಾಕಿದ್ದೂ ಸಣ್ಣ ವಿಷಯವಲ್ಲ. ಶಾನುಭೋಗ ತನ್ನ ಕೋಲನ್ನು ಒಂದು ಗೇಣು ಗಿಡ್ಡ ಮಾಡಿದರೆ ಅದೇ ತೋಟದಲ್ಲಿ ದಾಯ ಹೆಚ್ಚಾಗುತ್ತದೆ, ಕಂದಾಯವೂ ಹೆಚ್ಚಾಗುತ್ತದೆ. ಅನುಮಾನ ಬಂದವನು ಇಕ್ಕೇರಿಗೆ ಬಂದು ಅಳೆದು ನೋಡಬಹುದು. ಕಂಬವನ್ನು ಯಾರೂ ಜರುಗಿಸೋಕಾಗಲ್ಲ.

ಈ ಲೆಕ್ಕ ಕೈಬಿಟ್ಟಾಗ ಏನಾಯಿತು ಅಂತಲೂ ಈ ಸೀಮೆಯೇ ತೋರಿಸಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರು ಇಂತಿಷ್ಟು ಹಣ ಕಟ್ಟುತ್ತೇವೆ ಅಂತ ಷರತ್ತು ಬರೆದುಕೊಟ್ಟು ಅಧಿಕಾರ ಹಿಡಿಯುತ್ತಿದ್ದರು. ಆ ಹಣವನ್ನು, ಅದರ ಮೇಲೆ ತಮ್ಮ ಪಾಲನ್ನು ರೈತನಿಂದ ಹಿಂಡುತ್ತಿದ್ದರು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಎದ್ದರು. ಬೂದಿ ಬಸವಪ್ಪ ಎಂಬವನು ತಾನೇ ಕೆಳದಿಯ ವಾರಸುದಾರ ಅಂತ ಹೊರಟ. ಕೆಳದಿ ಮುಳುಗಿ ಆಗಲೇ 67 ವರ್ಷ, ಅವನು ನಿಜವಾದ ವಾರಸುದಾರ ಹೌದೋ ಅಲ್ಲವೋ, ಜನ ಹಿಂದೆ ಹೋದರು. ದಂಗೆ ಅಡಗಿತು, ಆದರೆ 1831ರಲ್ಲಿ ಬ್ರಿಟಿಷರು ಮಹಾರಾಜರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು. ವಾಪಸ್ ಕೊಟ್ಟಿದ್ದು 1881ರಲ್ಲಿ. ಈ ಮಳೆಯ ಊರುಗಳ ಕಂದಾಯದ ಜಗಳಕ್ಕೆ ಮೈಸೂರಿನ ಸಿಂಹಾಸನ ಐವತ್ತು ವರ್ಷ ಅಧಿಕಾರ ಕಳೆದುಕೊಂಡಿತು. ಇದನ್ನು ದೇವಗಂಗೆಯ ಮೆಟ್ಟಿಲ ಮೇಲೆ ಹೇಳಿದಾಗ ನನ್ನ ಮೈಸೂರಿನ ಗೆಳೆಯ, "ನಿಮ್ಮೋರೇನಾ ಅದು!" ಅಂದ.

ಮರುದಿನ ತೀರ್ಥಹಳ್ಳಿ ತಾಲ್ಲೂಕಿಗೆ ಬಂದು ಕವಲೇದುರ್ಗ ಹತ್ತಿದೆವು. ಒಂದಾದ ಮೇಲೊಂದು ಬಾಗಿಲು, ಮೇಲೆ ಮತ್ತದೇ ಅರಮನೆಯ ಪಾಯ. ಆದರೆ ಇಲ್ಲಿ ಅಡುಗೆಮನೆಯ ಕಲ್ಲಿನ ಒಲೆ ಹಾಗೇ ಇದೆ, ಬಚ್ಚಲಿದೆ, ನೀರು ಹೋಗುವ ದಾರಿಯಿದೆ. ಪಾಯದ ಮೇಲೆ ಓಡಾಡುತ್ತ ಗೆಳೆಯ ತಾನೇ ಕೋಣೆಗಳನ್ನು ಗುರುತಿಸತೊಡಗಿದ, ಇದು ಜಗಲಿ, ಇದು ಒಳಮನೆ ಅಂತ. ನಾನು ಸುಮ್ಮನಿದ್ದೆ.

ಅಲ್ಲಿಂದ ನಮ್ಮ ಮನೆಗೆ ಹೋದಾಗ ಸಂಜೆ. "ಎಂತ ನೋಡ್ಕಂಡು ಬಂದ್ರಿ?" ಅಂತ ಅಪ್ಪಯ್ಯ ಕೇಳಿದರು. ಕಾಫಿ ಕುಡಿಯುತ್ತ ದಾಯದ ಕಥೆ ಹೇಳಿದೆ. ಅವರಿಗೆ ಅರಮನೆ ಬೇಡವಾಗಿತ್ತು, ಕೋಲಿನಲ್ಲೇ ನಿಂತರು.

"ಹದಿನೆಂಟೂವರೆ ಅಡಿಗೆ ಒಂದು ಮರವಾ? ಸುಳ್ಳು."

ನಾನು ಫೋನಿನಲ್ಲಿ ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ಎಕರೆಗೆ 127 ಮರ. ನಾವು ಹಾಕುವುದು ಒಂಬತ್ತು ಅಡಿಗೊಂದು, ಎಕರೆಗೆ ಐನೂರರ ಮೇಲೆ. ಒಂದು ದಾಯದಲ್ಲಿ ನಮ್ಮ ನಾಲ್ಕು ಮರ ನಿಲ್ಲುತ್ತವೆ.

"ಕಂದಾಯ ಜಾಗಕ್ಕಾ, ಮರಕ್ಕಾ?"

"ಜಾಗಕ್ಕೆ ಅಪ್ಪಯ್ಯ, ದಾಯಕ್ಕೆ."

"ಹಾಗಾದ್ರೆ ನಾನಾಗಿದ್ರೂ ನಾಲ್ಕು ಗಿಡ ಇಡ್ತಿದ್ದೆ" ಅಂತ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ, ಗಾಳಿ ಆಡ್ಬೇಕು ಮಾರಾಯ" ಅಂದರು. ಎಲೆಚುಕ್ಕಿ ರೋಗ ನಮ್ಮ ತೋಟಕ್ಕೂ ಬಂದಿದೆ. ಮೇಲಿನ ಬಣ್ಣದಲ್ಲಿ ಒಣಗಿದ ಸೋಗೆ ಜೋತುಬಿದ್ದಿದ್ದನ್ನು ಬರುವಾಗಲೇ ನೋಡಿದ್ದೆ, ಕೇಳುವ ಧೈರ್ಯವಾಗಿರಲಿಲ್ಲ. ಅಲ್ಲಿ ಮರ ಕಡಿದು ಹೊಸದಾಗಿ ಸಸಿ ಹಾಕಬೇಕು, ಹಾಕಿದರೆ ಫಸಲಿಗೆ ಐದಾರು ವರ್ಷ. ಅಷ್ಟು ವರ್ಷ ಯಾರು ನೋಡಿಕೊಳ್ಳುತ್ತಾರೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಫಿ ಲೋಟ ಇಟ್ಟು ಅಪ್ಪಯ್ಯ ಒಳಗಿಂದ ಅಳತೆಯ ಟೇಪು ತಂದರು. ಬೆಳಕು ಇನ್ನೂ ಸ್ವಲ್ಪ ಇತ್ತು. ಮೇಲಿನ ಬಣ್ಣಕ್ಕೆ ಹೋದೆವು. ಒಂದು ತುದಿ ಗೆಳೆಯ ಹಿಡಿದ, ಇನ್ನೊಂದು ನಾನು. "ಹದಿನೆಂಟೂವರೆ ಅಂದ್ಯಲ್ಲ, ಸರಿಯಾಗಿ ಎಳಿ" ಅಂದರು.