ಸ್ಕಿನಮರಿಂಕ್

ಕೆನಡಾದ ಎಡ್ಮಂಟನ್ ನಗರದ ಒಂದು ಸಾಮಾನ್ಯ ವಾಸದ ಮನೆಯಲ್ಲಿ, ಸುಮಾರು 15,000 ಅಮೆರಿಕನ್ ಡಾಲರ್ ಖರ್ಚಿನಲ್ಲಿ ತಯಾರಾದ ಭಯಾನಕ ಚಿತ್ರ. ಆಗಿನ ವಿನಿಮಯ ದರದಲ್ಲಿ ಅದು ಹನ್ನೊಂದು–ಹನ್ನೆರಡು ಲಕ್ಷ ರೂಪಾಯಿ. ನಮ್ಮಲ್ಲಿ ದೊಡ್ಡ ನಟರ ಚಿತ್ರದ ಒಂದು ಹಾಡಿಗೂ ಸಾಲದ ಮೊತ್ತ. ಬರವಣಿಗೆ, ನಿರ್ದೇಶನ, ಸಂಕಲನ ಮೂರೂ ಕೈಲ್ ಎಡ್ವರ್ಡ್ ಬಾಲ್ ಅವರದು. ಇದು ಅವರ ಮೊದಲ ಪೂರ್ಣಾವಧಿ ಚಿತ್ರ, ಅವಧಿ 100 ನಿಮಿಷ. 2022ರ ಜುಲೈನಲ್ಲಿ ಮಾಂಟ್ರಿಯಲ್‌ನ ಫ್ಯಾಂಟೇಸಿಯಾ ಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡು, 2023ರ ಜನವರಿ 13ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಹಾಕಿದ ದುಡ್ಡಿನ ನೂರು ಪಟ್ಟಿಗೂ ಮೀರಿ ಗಳಿಸಿತು. ಹಾಗಿದ್ದೂ ನೋಡಿದವರಲ್ಲಿ ಒಮ್ಮತ ಮೂಡಲಿಲ್ಲ. ರಾತ್ರಿ ದೀಪ ಆರಿಸಲು ಹೆದರಿದವರು ಒಂದು ಕಡೆ, ಗೋಡೆ ನೋಡಿಸಿ ದುಡ್ಡು ಕಿತ್ತರು ಎಂದು ಬೈದವರು ಇನ್ನೊಂದು ಕಡೆ. ಇತ್ತೀಚಿನ ದೆವ್ವದ ಚಿತ್ರಗಳಲ್ಲಿ ಪ್ರೇಕ್ಷಕರನ್ನು ಇಷ್ಟು ಚೊಕ್ಕವಾಗಿ ಎರಡು ಪಾಲು ಮಾಡಿದ್ದು ಇನ್ನೊಂದಿಲ್ಲ.

ಹಿನ್ನೆಲೆ

ಬಾಲ್ ಬೆಳೆದದ್ದು ಎಡ್ಮಂಟನ್‌ನಲ್ಲೇ. ಚಿತ್ರಕ್ಕೆ ಮುನ್ನ ಅವರು ಯೂಟ್ಯೂಬ್‌ನಲ್ಲಿ 'ಬೈಟ್‌ಸೈಜ್ಡ್ ನೈಟ್‌ಮೇರ್ಸ್' ಎಂಬ ಚಾನೆಲ್ ನಡೆಸುತ್ತಿದ್ದರು. ವೀಕ್ಷಕರು ತಮಗೆ ಬಿದ್ದ ಕೆಟ್ಟ ಕನಸುಗಳನ್ನು ಬರೆದು ತಿಳಿಸಬೇಕು, ಬಾಲ್ ಅವುಗಳಲ್ಲಿ ಕೆಲವನ್ನು ಆಯ್ದು ಕೆಲವೇ ನಿಮಿಷಗಳ ವಿಡಿಯೊ ಮಾಡಬೇಕು, ಇದು ಅಲ್ಲಿನ ಪದ್ಧತಿ. ಹೀಗೆ ಬಂದ ಕನಸುಗಳಲ್ಲಿ ಒಂದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು: ಚಿಕ್ಕ ವಯಸ್ಸು, ತಮ್ಮದೇ ಮನೆ, ಅಪ್ಪ ಅಮ್ಮ ಎಲ್ಲೂ ಇಲ್ಲ, ಮನೆಯೊಳಗೆ ಇನ್ನೇನೋ ಇದೆ. ಬಾಲ್ ಅವರಿಗೂ ಬಾಲ್ಯದಲ್ಲಿ ಅಂಥದೇ ಕನಸು ಬಿದ್ದಿತ್ತು. ಇದನ್ನೇ ಹಿಡಿದು 2020ರಲ್ಲಿ 'ಹೆಕ್' ಎಂಬ ಅರ್ಧ ಗಂಟೆಯೊಳಗಿನ ಕಿರುಚಿತ್ರ ಮಾಡಿದರು. ಪೂರ್ಣಾವಧಿ ಚಿತ್ರಕ್ಕೆ ಅದು ತಾಲೀಮಾಯಿತು. ಮುಂದಿನ ಚಿತ್ರಕ್ಕೆ ಬೇಕಾದ ಹಣದ ಬಹುಪಾಲನ್ನು ಆನ್‌ಲೈನ್‌ನಲ್ಲಿ ಚಂದಾ ಎತ್ತಿ ಹೊಂದಿಸಿದರು.

ಅಂತರಜಾಲದಲ್ಲಿ ಆಗ ಅದಕ್ಕೆ ನೆಲ ಹದವಾಗಿತ್ತು. ಹಳೆಯ ಟಿವಿ ಪ್ರಸಾರ, ಸವೆದ ವಿಡಿಯೊ ಕ್ಯಾಸೆಟ್‌ಗಳನ್ನು ಅನುಕರಿಸಿ ಹೆದರಿಸುವ 'ಅನಲಾಗ್ ಹಾರರ್' ಎಂಬ ಪ್ರಕಾರ 2015ರ 'ಲೋಕಲ್ 58' ಸರಣಿಯಿಂದ ಬೆಳೆಯುತ್ತ ಬಂದಿತ್ತು. ಹಳದಿ ಗೋಡೆಗಳ ಖಾಲಿ ಕೋಣೆಯ ಒಂದು ಫೋಟೊದಿಂದ 2019ರಲ್ಲಿ ಹುಟ್ಟಿದ 'ಬ್ಯಾಕ್‌ರೂಮ್ಸ್' ದಂತಕಥೆಯೂ ಹಬ್ಬಿತ್ತು. ಯಾರೂ ಇಲ್ಲದ ಪರಿಚಿತ ಜಾಗವೇ ಭಯ ಹುಟ್ಟಿಸಬಲ್ಲದು ಎಂಬುದು ಒಂದು ತಲೆಮಾರಿಗೆ ಆಗಲೇ ರೂಢಿಯಾಗಿತ್ತು. ಈ ಚಿತ್ರವನ್ನು ಮೊದಲು ತಲೆಯ ಮೇಲೆ ಹೊತ್ತವರೂ ಅವರೇ.

ಶೀರ್ಷಿಕೆ ಬಂದದ್ದು 'ಸ್ಕಿಡಮರಿಂಕ್' ಎಂಬ ಮಕ್ಕಳ ಹಾಡಿನಿಂದ. ಇದರ ಮೂಲ 1910ರ ಒಂದು ಅಮೆರಿಕನ್ ಸಂಗೀತ ನಾಟಕದಲ್ಲಿದೆ. ಕೆನಡಾದಲ್ಲಿ ಇದನ್ನು ಮನೆಮಾತಾಗಿಸಿದವರು ಶ್ಯಾರನ್, ಲೋಯಿಸ್ ಮತ್ತು ಬ್ರ್ಯಾಮ್ ಎಂಬ ಗಾಯಕ ತ್ರಯರು. 1980ರ ದಶಕದಲ್ಲಿ ಅವರ ಟಿವಿ ಕಾರ್ಯಕ್ರಮ ಮುಗಿಯುತ್ತಿದ್ದದ್ದೇ ಈ ಹಾಡಿನಿಂದ.

ಕಥೆ

ಕಾಲ 1995. ನಾಲ್ಕು ವರ್ಷದ ಕೆವಿನ್, ಆರು ವರ್ಷದ ಅಕ್ಕ ಕೇಲಿ. ಕೆವಿನ್ ರಾತ್ರಿ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾಗುತ್ತದೆ. ಹೊಲಿಗೆ ಹಾಕುವಂಥದೇನೂ ಆಗಿಲ್ಲ ಎಂದು ಅಪ್ಪ ಫೋನಿನಲ್ಲಿ ಯಾರಿಗೋ ಹೇಳುವುದು ಕೇಳುತ್ತದೆ. ಆಮೇಲೆ ಮಕ್ಕಳಿಗೆ ಎಚ್ಚರವಾದಾಗ ಅಪ್ಪ ಇಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಗಳಿಲ್ಲ, ಬಾಗಿಲುಗಳಿಲ್ಲ, ಕೊನೆಗೆ ಕಮೋಡ್ ಕೂಡ ಇಲ್ಲ. ಮಕ್ಕಳು ದಿಂಬು ಹೊದಿಕೆ ಎಳೆದುಕೊಂಡು ಕೆಳಗಿನ ಹಾಲ್‌ಗೆ ಬಂದು, ಟಿವಿಯಲ್ಲಿ ಕಾರ್ಟೂನ್ ಹಾಕಿ, ನೆಲದ ಮೇಲೆ ಲೆಗೊ ಹರಡಿಕೊಂಡು ಕೂರುತ್ತಾರೆ. ಮಹಡಿಯಿಂದ ಒಂದು ದನಿ ಕರೆಯುತ್ತದೆ.

ಇದಕ್ಕಿಂತ ಹೆಚ್ಚು ಕಥೆ ಹೇಳುವುದು ಕಷ್ಟ, ಏಕೆಂದರೆ ಚಿತ್ರ ತೋರಿಸುವುದೇ ಅಷ್ಟು. ಕೇಲಿ ಮಹಡಿಯ ಮಲಗುವ ಕೋಣೆಗೆ ಹೋಗುವ ಭಾಗವನ್ನು ಮಾತ್ರ ಬಿಡಿಸಿ ಹೇಳಬೇಕು. ಮಂಚದ ಅಂಚಿನಲ್ಲಿ ಕೂತ ಅಪ್ಪ ಮಂಚದ ಕೆಳಗೆ ನೋಡು ಎನ್ನುತ್ತಾನೆ. ಅವಳು ಬಗ್ಗಿ ನೋಡುತ್ತಾಳೆ, ಅಲ್ಲಿ ಬರಿ ಕತ್ತಲು. ತಲೆ ಎತ್ತಿದರೆ ಅಪ್ಪನಿಲ್ಲ. ಮಂಚದ ಇನ್ನೊಂದು ಬದಿಯಲ್ಲಿ ಬೆನ್ನು ತಿರುಗಿಸಿ ಅಮ್ಮ ಕೂತಿದ್ದಾಳೆ. ಕಣ್ಣು ಮುಚ್ಚಿಕೋ ಎಂದು ಅಮ್ಮ ಹೇಳುತ್ತಾಳೆ. ಈ ದೃಶ್ಯದಲ್ಲಿ ರಕ್ತವಿಲ್ಲ, ಮೇಕಪ್ ಇಲ್ಲ, ಗ್ರಾಫಿಕ್ಸ್ ಇಲ್ಲ. ಚಿತ್ರವನ್ನು ಹಳಿದವರಲ್ಲೂ ಅನೇಕರು ಇದೊಂದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದಾರೆ. ಭೂತಬಂಗಲೆಯ ಕಥೆಗಳಲ್ಲಿ ಸಾಮಾನ್ಯವಾಗಿ ಹೊರಗಿನವರು ಹಾಳು ಮನೆಗೆ ಕಾಲಿಡುತ್ತಾರೆ. ಇಲ್ಲಿ ಮಕ್ಕಳು ಇರುವುದು ತಮ್ಮ ಮನೆಯಲ್ಲೇ, ಹೆದರಿಸುವ ದನಿ ಹೇಳುವ ಮಾತುಗಳೂ ಮನೆಯ ದೊಡ್ಡವರು ದಿನಾ ಹೇಳುವಂಥವೇ.

ಕೊನೆಕೊನೆಗೆ ಪರದೆಯ ಮೇಲೆ 572 ದಿನಗಳು ಎಂಬ ಬರಹ ಮೂಡುತ್ತದೆ. ಕೆವಿನ್ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ, ಇದೆಲ್ಲ ಅವನ ಮಿದುಳಿನ ಆಟ ಎಂದು ಒಂದು ವ್ಯಾಖ್ಯಾನ. ಮುರಿದ ಸಂಸಾರದಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ರೂಪಕ ಎಂದು ಇನ್ನೊಂದು. ಎರಡಕ್ಕೂ ಚಿತ್ರದಲ್ಲಿ ಆಧಾರ ಸಿಗುತ್ತದೆ, ಎರಡೂ ಪೂರ್ತಿ ಹೊಂದುವುದಿಲ್ಲ.

ಚಿತ್ರೀಕರಣ

2021ರಲ್ಲಿ, ಏಳು ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಮನೆ ಬಾಲ್ ಹುಟ್ಟಿ ಬೆಳೆದ ಮನೆಯೇ. ಅವರ ತಂದೆ ತಾಯಿ ಆಗಲೂ ಅಲ್ಲೇ ವಾಸವಿದ್ದರು. ತಾಯಿ ಎತ್ತಿಟ್ಟಿದ್ದ ಮಗನ ಹಳೆಯ ಆಟಿಕೆಗಳೂ ಬಳಕೆಗೆ ಬಂದವು. ಸೆಟ್ ಹಾಕುವ ಖರ್ಚು ಉಳಿದದ್ದು ಹೀಗೆ. ಕಾರ್ಟೂನ್‌ಗಳ ವಿಷಯದಲ್ಲೂ ಇದೇ ಲೆಕ್ಕಾಚಾರ: 1930ರ ದಶಕದ, ಹಕ್ಕುಸ್ವಾಮ್ಯ ಮುಗಿದು ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳನ್ನು ಆರಿಸಿಕೊಂಡರು. ಮ್ಯಾಕ್ಸ್ ಫ್ಲೈಶರ್ ಸ್ಟುಡಿಯೊದ 'ಸಮ್‌ವೇರ್ ಇನ್ ಡ್ರೀಮ್‌ಲ್ಯಾಂಡ್' (1936), ಚಕ್ ಜೋನ್ಸ್ ನಿರ್ದೇಶನದ 'ಪ್ರೆಸ್ಟೊ ಚೇಂಜೊ' (1939) ಅವುಗಳಲ್ಲಿ ಸೇರಿವೆ. ಪುಕ್ಕಟೆ ಸಿಕ್ಕ ಸರಕು ಎಂದು ತೋರಗೊಡದ ಹಾಗೆ ಅವನ್ನು ಬಳಸಿದ್ದು ಬಾಲ್ ಅವರ ಜಾಣತನ. ಜಾದೂ ಮೊಲವೊಂದು ಮಾಯವಾಗುವ ತುಣುಕು ಟಿವಿಯಲ್ಲಿ ಸಿಕ್ಕಿಹಾಕಿಕೊಂಡಂತೆ ಮತ್ತೆ ಮತ್ತೆ ಓಡುತ್ತದೆ. ಮನೆಯಲ್ಲಿ ವಸ್ತುಗಳು ಮಾಯವಾಗುವುದಕ್ಕೂ ಅದಕ್ಕೂ ನಂಟಿದೆ ಎಂದು ಮೂರನೆಯ ಸಲಕ್ಕೆ ನೋಡುಗನಿಗೆ ಹೊಳೆಯುತ್ತದೆ.

ಛಾಯಾಗ್ರಾಹಕ ಜೇಮಿ ಮೆಕ್‌ರೇ ಬಳಸಿದ್ದು ಸೋನಿ ಎಫ್‌ಎಕ್ಸ್6 ಡಿಜಿಟಲ್ ಕ್ಯಾಮೆರಾ. ತೀರ ಕಡಿಮೆ ಬೆಳಕಿನಲ್ಲೂ ಚಿತ್ರ ಹಿಡಿಯುವ ಸಾಮರ್ಥ್ಯ ಅದಕ್ಕಿದೆ. ಹಲವು ದೃಶ್ಯಗಳಲ್ಲಿ ಟಿವಿಯ ನೀಲಿ ಬೆಳಕು, ಒಂದು ರಾತ್ರಿದೀಪ, ಒಂದು ಟಾರ್ಚ್ ಬಿಟ್ಟರೆ ಬೇರೆ ಬೆಳಕೇ ಕಾಣುವುದಿಲ್ಲ. ಹಳೆಯ ಫಿಲ್ಮಿನಂತೆ ಕುದಿಯುವ ಕಾಳುಕಾಳಾದ ಮಚ್ಚೆಗಳನ್ನು ಆಮೇಲೆ ಸೇರಿಸಲಾಯಿತು. ಕತ್ತಲೆಯಲ್ಲಿ ಆ ಕಾಳುಗಳನ್ನೇ ದಿಟ್ಟಿಸುತ್ತಿದ್ದರೆ ಇಲ್ಲದ ಮುಖ ಕಾಣಿಸತೊಡಗುತ್ತದೆ. ಈ ಚಿತ್ರದ ದೊಡ್ಡ ತಂತ್ರವೇ ಇದು: ದೆವ್ವವನ್ನು ಕಟ್ಟುವ ಕೆಲಸವನ್ನು ನೋಡುಗನ ಕಣ್ಣಿಗೇ ವಹಿಸಿಬಿಡುವುದು.

ಪಾತ್ರಗಳ ಮುಖ ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಕಾಲು, ಬೆನ್ನು, ಬಾಗಿಲ ಚೌಕಟ್ಟಿನ ಮೇಲ್ತುದಿ, ಸೂರು, ಕಾರ್ಪೆಟ್, ಇವೇ ಚೌಕಟ್ಟು ತುಂಬುತ್ತವೆ. ಮಕ್ಕಳಾಗಿ ಲ್ಯೂಕಸ್ ಪಾಲ್ ಮತ್ತು ಡಾಲಿ ರೋಸ್ ಟೆಟ್ರೊ ಅಭಿನಯಿಸಿದ್ದಾರೆ. ಮಾತುಗಳನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿ ಸೇರಿಸಲಾಗಿದೆ. ಪಿಸುಮಾತುಗಳಲ್ಲಿ ಕೆಲವಕ್ಕೆ ಅಡಿಬರಹ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಸಂಯೋಜಿಸಿದ ಹಿನ್ನೆಲೆ ಸಂಗೀತವಿಲ್ಲ, ಉದ್ದಕ್ಕೂ ಟೇಪಿನ ಸುಯ್ಯೆನ್ನುವ ಸದ್ದಿದೆ. ಚಿತ್ರೀಕರಣದ ನಂತರದ ಕೆಲಸ ನಡೆಯುತ್ತಿದ್ದಾಗ ಸಹಾಯಕ ನಿರ್ದೇಶಕರು ತೀರಿಕೊಂಡರು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ.

ಇದನ್ನು 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯ ಜತೆ ಹೋಲಿಸುವುದು ರೂಢಿ. ಹೋಲಿಕೆಗೆ ಕಾರಣವೂ ಉಂಟು. ಓರೆನ್ ಪೆಲಿ ಕೂಡ 2006ರಲ್ಲಿ ಸ್ಯಾನ್ ಡಿಯೇಗೊದ ತಮ್ಮ ಸ್ವಂತ ಮನೆಯಲ್ಲಿ, ಏಳು ದಿನಗಳಲ್ಲಿ, ಹೆಚ್ಚುಕಡಿಮೆ ಇಷ್ಟೇ ದುಡ್ಡಿನಲ್ಲಿ ಚಿತ್ರೀಕರಿಸಿದ್ದರು. ಅದು ಜಗತ್ತಿನಾದ್ಯಂತ 19 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಪೆಲಿಯ ಚಿತ್ರದಲ್ಲಿ ಕ್ಯಾಮೆರಾ ಇಟ್ಟವನು ಕಥೆಯೊಳಗಿನ ಪಾತ್ರ. ಪರದೆಯ ಮೂಲೆಯಲ್ಲಿ ಗಂಟೆ ನಿಮಿಷ ಓಡುತ್ತಿರುತ್ತದೆ, ಯಾವ ರಾತ್ರಿ ಏನಾಯಿತು ಎಂಬ ಲೆಕ್ಕ ಸಿಗುತ್ತದೆ. 'ಸ್ಕಿನಮರಿಂಕ್'ನಲ್ಲಿ ಕ್ಯಾಮೆರಾ ಯಾರ ಕೈಯಲ್ಲೂ ಇಲ್ಲ, ಗಡಿಯಾರವೂ ಇಲ್ಲ. ಸಾಮಾನ್ಯ ಪ್ರೇಕ್ಷಕ ಮೊದಲನೆಯದನ್ನು ಒಪ್ಪಿ ಎರಡನೆಯದರಲ್ಲಿ ಎಡವಿದ್ದಕ್ಕೆ ಇದೂ ಒಂದು ಕಾರಣ.

ಸೋರಿಕೆ ಮತ್ತು ಬಿಡುಗಡೆ

ಫ್ಯಾಂಟೇಸಿಯಾದ ನಂತರ ಚಿತ್ರ ಬೇರೆ ಉತ್ಸವಗಳಿಗೆ ಹೋಯಿತು. ಕೋವಿಡ್ ಕಾಲದಿಂದ ಹಲವು ಉತ್ಸವಗಳು ಮನೆಯಲ್ಲೇ ಕೂತು ನೋಡುವ ಆನ್‌ಲೈನ್ ವ್ಯವಸ್ಥೆ ಇಟ್ಟುಕೊಂಡಿದ್ದವು. ಅಂಥದೊಂದು ಉತ್ಸವದ ವೇದಿಕೆಯಿಂದ 2022ರ ಕೊನೆಯ ತಿಂಗಳುಗಳಲ್ಲಿ ಚಿತ್ರ ಸೋರಿ ಕಳ್ಳಪ್ರತಿಗಳು ಹರಿದಾಡಿದವು. ಟಿಕ್‌ಟಾಕ್, ರೆಡ್ಡಿಟ್, ಟ್ವಿಟರ್‌ಗಳಲ್ಲಿ ತುಣುಕುಗಳು ಹಬ್ಬಿ, ಇದುವರೆಗಿನ ಅತಿ ಭಯಂಕರ ಚಿತ್ರ ಎಂಬ ಮಾತು ಬಾಯಿಂದ ಬಾಯಿಗೆ ಹೋಯಿತು. ಕಳ್ಳಪ್ರತಿಯಿಂದ ಸಣ್ಣ ಚಿತ್ರಗಳು ಮುಳುಗುವುದೇ ಹೆಚ್ಚು. ಇಲ್ಲಿ ಮಾತ್ರ ಅದು ದುಡ್ಡಿಲ್ಲದ ಪ್ರಚಾರವಾಯಿತು.

ವಿತರಕ ಸಂಸ್ಥೆ ಐಎಫ್‌ಸಿ ಮಿಡ್‌ನೈಟ್ ಚಿತ್ರವನ್ನು ಏಳುನೂರಕ್ಕೆ ಹತ್ತಿರದಷ್ಟು ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿತು. ಒಟ್ಟು ಗಳಿಕೆ 20 ಲಕ್ಷ ಡಾಲರ್ ದಾಟಿತು. 2023ರ ಫೆಬ್ರವರಿ 2ರಿಂದ ಭಯಾನಕ ಚಿತ್ರಗಳಿಗೇ ಮೀಸಲಾದ ಶಡರ್ ಓಟಿಟಿಯಲ್ಲಿ ಲಭ್ಯವಾಯಿತು.

ಪ್ರತಿಕ್ರಿಯೆ

ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ತಾಣದಲ್ಲಿ ವಿಮರ್ಶಕರ ಪೈಕಿ ಹತ್ತಕ್ಕೆ ಏಳರಷ್ಟು ಮಂದಿ ಚಿತ್ರವನ್ನು ಮೆಚ್ಚಿದರು. ಅದೇ ತಾಣದಲ್ಲಿ ಪ್ರೇಕ್ಷಕರ ಮೆಚ್ಚುಗೆ ಅರ್ಧಕ್ಕಿಂತ ಕೆಳಗೇ ನಿಂತಿತು. ಮೆಚ್ಚಿದ ವಿಮರ್ಶಕರು ಡೇವಿಡ್ ಲಿಂಚ್ ಹೆಸರನ್ನೂ, ಕೆನಡಾದವರೇ ಆದ ಮೈಕೆಲ್ ಸ್ನೋ ಅವರ 'ವೇವ್‌ಲೆಂತ್' (1967) ಚಿತ್ರವನ್ನೂ ತಂದರು. ಮುಕ್ಕಾಲು ಗಂಟೆ ಒಂದೇ ಕೋಣೆಯಲ್ಲಿ ಕ್ಯಾಮೆರಾ ಎದುರಿನ ಗೋಡೆಯತ್ತ ಮೆಲ್ಲಗೆ ಸಾಗುವ ಚಿತ್ರ ಅದು. ಪ್ರಾಯೋಗಿಕ ಚಿತ್ರಗಳ ಪರಿಚಯವಿದ್ದವರಿಗೆ ಈ ಹೋಲಿಕೆ ಹೊಗಳಿಕೆ. ಶನಿವಾರ ರಾತ್ರಿ ಪಾಪ್‌ಕಾರ್ನ್ ಹಿಡಿದು ಬಂದವರಿಗೆ ಅದೇ ದೂರು.

ದೂರುಗಳು ಹೆಚ್ಚಾಗಿ ಒಂದೇ ಬಗೆಯವು. ಏನೂ ನಡೆಯುವುದಿಲ್ಲ, ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ನಡುವೆ ಎದ್ದು ಹೋದವರೂ, ನಿದ್ದೆ ಮಾಡಿದವರೂ, ನಗತೊಡಗಿದವರೂ ಇದ್ದರು. ಹಿಂದಿನ ವಾರವಷ್ಟೇ ಕೊಲೆಗಡುಕ ಗೊಂಬೆಯ 'ಮೇಗನ್' ತೆರೆಕಂಡಿತ್ತು. ಅದೇ ಮಲ್ಟಿಪ್ಲೆಕ್ಸಿನ ಪಕ್ಕದ ಪರದೆಯಲ್ಲಿ ಗೊಂಬೆ ಕುಣಿಯುತ್ತಿದ್ದಾಗ ಇಲ್ಲಿ ಲೆಗೊ ತುಂಡುಗಳನ್ನು ನಿಮಿಷಗಟ್ಟಲೆ ನೋಡುತ್ತ ಕೂರುವುದು ಎಲ್ಲರ ಕೈಲಾಗುವ ಮಾತಲ್ಲ. 'ಅತಿ ಭಯಂಕರ' ಎಂಬ ಪ್ರಚಾರ ಬೇರೆ. 1999ರಲ್ಲಿ 'ಬ್ಲೇರ್ ವಿಚ್ ಪ್ರಾಜೆಕ್ಟ್'ಗೆ ಆದದ್ದೂ ಇದೇ: ಮೊದಲು ನೋಡಿದವರು ಬೆಚ್ಚಿದರು, ಅವರ ಮಾತು ಕೇಳಿ ಬಂದವರು ಬೇಸರಪಟ್ಟರು.

ಮೆಚ್ಚಿಕೊಂಡವರ ಮಾತಿನಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಅವರಲ್ಲಿ ಬಹಳ ಮಂದಿ ಹೇಳಿಕೊಳ್ಳುವುದು ಚಿತ್ರದ ಬಗ್ಗೆಯಲ್ಲ, ತಾವು ಅದನ್ನು ಎಲ್ಲಿ, ಹೇಗೆ ನೋಡಿದೆವು ಎಂಬುದರ ಬಗ್ಗೆ: ಮಧ್ಯರಾತ್ರಿ, ಒಬ್ಬರೇ, ದೀಪ ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಕಳ್ಳಪ್ರತಿ ನೋಡಿದವರು ಬಹುಪಾಲು ಹೀಗೆಯೇ ನೋಡಿದ್ದು. ತಮ್ಮದೇ ಮನೆಯ ಕತ್ತಲು ಬೆನ್ನ ಹಿಂದಿರುವಾಗ ಪರದೆಯ ಮೇಲಿನ ಇನ್ನೊಂದು ಮನೆಯ ಕತ್ತಲನ್ನು ನೋಡುವುದಕ್ಕೂ, ನೂರಾರು ಜನರ ನಡುವೆ ಕೂತು ನೋಡುವುದಕ್ಕೂ ಅಜಗಜಾಂತರ. ಮತಭೇದವನ್ನು ವಿಮರ್ಶಕರು ಮತ್ತು ಸಾಮಾನ್ಯ ಪ್ರೇಕ್ಷಕರ ಅಭಿರುಚಿಯ ಅಂತರ ಎಂದು ವಿವರಿಸುವುದು ವಾಡಿಕೆಯಾದರೂ, ನೋಡಿದ ಜಾಗ ಮತ್ತು ಹೊತ್ತಿನ ಅಂತರವೂ ಅಷ್ಟೇ ದೊಡ್ಡದು. ಚಿತ್ರಮಂದಿರ ಈ ಚಿತ್ರಕ್ಕೆ ಹಣ ತಂದುಕೊಟ್ಟಿತು, ಹೆಸರು ಕೆಡಿಸಿದ್ದೂ ಅದೇ.

ಹಾಗೆಂದು ದೂರುಗಳೆಲ್ಲ ಹುರುಳಿಲ್ಲದವಲ್ಲ. ಉದ್ದದ ಬಗೆಗಿನ ಆಕ್ಷೇಪ ಗಟ್ಟಿಯಾದದ್ದು. ನಡುಭಾಗದಲ್ಲಿ ಸೂರು, ಗೋಡೆಯ ಮೂಲೆ, ಟಿವಿ, ಮತ್ತೆ ಸೂರು ಎಂಬ ಸುತ್ತು ಹೊಸದೇನನ್ನೂ ಸೇರಿಸದೆ ಮರುಕಳಿಸುತ್ತದೆ. ತಟ್ಟನೆ ಬೆಚ್ಚಿಬೀಳಿಸಲು ಕಿವಿಗಡಚಿಕ್ಕುವ ಸದ್ದು ಹಾಕುವ ಹಳೆಯ ಉಪಾಯವನ್ನೂ ಬಾಲ್ ಬಿಟ್ಟಿಲ್ಲ. ಚಕ್ರಗಳ ಮೇಲೆ ಉರುಳುವ, ಕಣ್ಣುಗುಡ್ಡೆ ಆಡಿಸುವ ಫಿಶರ್-ಪ್ರೈಸ್ ಆಟಿಕೆ ಫೋನು ಕತ್ತಲಿನಿಂದ ಮುಖ ತೋರಿಸುವ ಕಡೆ ಅದು ಫಲಿಸಿದೆ. 1960ರ ದಶಕದಿಂದ ಉತ್ತರ ಅಮೆರಿಕದ ಲಕ್ಷಾಂತರ ಮಕ್ಕಳು ಎಳೆದಾಡಿದ ಆಟಿಕೆ ಅದು, ಅಲ್ಲಿನವರಿಗೆ ಹೆಚ್ಚು ತಟ್ಟಿದ್ದು ಸಹಜ. ಬೇರೆ ಕಡೆಗಳಲ್ಲಿ ಆ ಸದ್ದು, ಇಷ್ಟು ತಾಳ್ಮೆಯಿಂದ ಕಟ್ಟಿದ ಮೌನದ ಮೇಲೆ ನಿರ್ದೇಶಕರಿಗೇ ನಂಬಿಕೆ ಸಾಲದಾಯಿತೇನೋ ಎನ್ನಿಸುತ್ತದೆ.

ಇದೇ ವಸ್ತುವನ್ನು 'ಹೆಕ್' ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿಸುತ್ತದೆ. ಅಲ್ಲೂ ರಾತ್ರಿ ಎಚ್ಚರವಾದ ಮಗು, ಓಗೊಡದ ಅಮ್ಮ, ಬೆಳಗಾಗದ ಮನೆ. ಬಾಲ್ ಅವರ ಚಾನೆಲ್‌ನಲ್ಲಿ ಬಂದ ಆ ಕಿರುಚಿತ್ರವೇ ಇದಕ್ಕಿಂತ ಬಿಗಿಯಾಗಿದೆ ಎಂದು ವಾದಿಸುವವರಿದ್ದಾರೆ. ಬಿಗಿಯ ಮಟ್ಟಿಗೆ ಅದು ನಿಜ. ಆದರೆ ಮಂಚದ ಕೋಣೆಯ ದೃಶ್ಯದಂಥದು ಅದರಲ್ಲಿಲ್ಲ. ಆ ಕೋಣೆಗೆ ಕೇಲಿ ಮೆಟ್ಟಿಲು ಹತ್ತುವ ಹೊತ್ತಿಗೆ ನೋಡುಗನ ಕಣ್ಣು ಕತ್ತಲಿಗೆ ಒಗ್ಗಿರಬೇಕು, ಮನೆಯ ನಕ್ಷೆ ಮನಸ್ಸಿನಲ್ಲಿ ಕೂತಿರಬೇಕು. ಅದಕ್ಕೆ ಮೊದಲಿನ ಆ ನಿಧಾನದ ನಿಮಿಷಗಳು ಬೇಕೇ ಬೇಕು. ಕತ್ತರಿ ಆಡಿಸಬೇಕಾಗಿದ್ದದ್ದು ಅದರ ನಂತರದ ಭಾಗಕ್ಕೆ.