ಚರಸ್: ಒಂದು ಪದದ ವ್ಯಾಪ್ತಿ ಮತ್ತು ಚರಿತ್ರೆ

ಗಾಂಜಾ ಗಿಡದಿಂದ ದೊರೆಯುವ ಮಾದಕ ವಸ್ತುಗಳೆಲ್ಲವನ್ನೂ ಕನ್ನಡದ ಬರಹಗಳಲ್ಲಿ ‘ಗಾಂಜಾ’ ಎಂಬ ಒಂದೇ ಹೆಸರಿನಿಂದ ನಿರ್ದೇಶಿಸುವುದುಂಟು. ಆದರೆ ಚರಿತ್ರೆಯ ದಾಖಲೆಗಳು ಮೂರು ರೂಪಗಳನ್ನು ಬೇರೆಬೇರೆಯಾಗಿ ಗುರುತಿಸುತ್ತವೆ: ಎಲೆಯಿಂದಾದ ಭಂಗಿ, ಹೆಣ್ಣುಗಿಡದ ಹೂಗೊನೆಯಾದ ಗಾಂಜಾ, ಗಿಡದಲ್ಲಿ ಒಸರುವ ರಾಳವನ್ನು ಬೇರ್ಪಡಿಸಿದ ಚರಸ್. ಈ ಮೂರನೆಯದೇ ಸಾಂದ್ರ ರೂಪ.

ಕಲ್ಕತ್ತೆಯ ವೈದ್ಯ ಓಶಾಗ್ನೆಸ್ಸಿ 1839ರ ತನ್ನ ಪ್ರಬಂಧದಲ್ಲಿ ಚರಸ್ ಸಂಗ್ರಹದ ಒಂದು ವಿಧಾನವನ್ನು ವರ್ಣಿಸಿದ್ದಾನೆ. ಮಧ್ಯಭಾರತದಲ್ಲಿ ತೊಗಲಿನ ಉಡುಪು ತೊಟ್ಟವರು ಗಿಡಗಳನ್ನು ಒರಸಿಕೊಂಡು ಹೊಲದಲ್ಲಿ ಓಡುತ್ತಿದ್ದರು. ತೊಗಲಿಗೆ ಅಂಟಿದ ರಾಳವನ್ನು ಬಳಿಕ ಕೆರೆದು ತೆಗೆಯುತ್ತಿದ್ದರು. ಯಾರ್ಕಂದದ ಕ್ರಮ ಬೇರೆ. ಅಲ್ಲಿ ಒಣಗಿದ ಹೂಗೊನೆಗಳನ್ನು ಉಜ್ಜಿ ಪುಡಿಮಾಡಿ, ಜರಡಿ ಹಿಡಿದು, ಹಸಿ ತೊಗಲಿನ ಚೀಲಗಳಲ್ಲಿ ತುಂಬಿ, ಬಿಸಿಲಿನ ಕಾವಿಗೆ ಒಡ್ಡುತ್ತಿದ್ದರು. ಈ ಸರಕು ಲೇಹ್ ಮಾರ್ಗವಾಗಿ ಪಂಜಾಬಿಗೆ ಬರುತ್ತಿತ್ತು.

ಮೂರನೆಯ ವಿಧಾನ ಔಷಧಶಾಲೆಯದು. ಹೂಗೊನೆಗಳನ್ನು ಮದ್ಯಸಾರದಲ್ಲಿ ಕುದಿಸಿ, ದ್ರವವನ್ನು ಇಂಗಿಸಿ ಓಶಾಗ್ನೆಸ್ಸಿ ಸತ್ತ್ವವನ್ನು ಪಡೆದನು. ಧನುರ್ವಾಯು, ಸಂಧಿವಾತಗಳಲ್ಲಿ ಅದನ್ನು ಪ್ರಯೋಗಿಸಿದನು. ಆದರೆ ಅದರ ಮುಖ್ಯ ಮಾದಕಾಂಶವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ರಚನೆಯನ್ನು ನಿರ್ಧರಿಸಿದ್ದು 1964ರಲ್ಲಿ, ಇಸ್ರೇಲಿನ ಗಾವೊನಿ ಮತ್ತು ಮೆಶುಲಮ್ ಅವರಿಂದ. ಅದುವರೆಗೆ ಸತ್ತ್ವದ ಪ್ರಬಲತೆಯನ್ನು ಅಳೆಯಲು ನಂಬಬಹುದಾದ ಮಾನವಿರಲಿಲ್ಲ.

1893ರಲ್ಲಿ ನೇಮಕಗೊಂಡ ಆಯೋಗವು 1,193 ಸಾಕ್ಷಿಗಳ ಹೇಳಿಕೆ ಪಡೆದು, ಮಿತವಾದ ಬಳಕೆಯಿಂದ ಗಣನೀಯ ಹಾನಿಯಿಲ್ಲವೆಂದೂ ಸಂಪೂರ್ಣ ನಿಷೇಧಕ್ಕಿಂತ ತೆರಿಗೆ, ಪರವಾನಗಿಗಳ ನಿಯಂತ್ರಣವೇ ಯುಕ್ತವೆಂದೂ ನಿರ್ಣಯಿಸಿತು. ಮುಂಬಯಿ ಪ್ರಾಂತ ಮತ್ತು ಕೊಡಗಿನ ಸಾಕ್ಷ್ಯಗಳೂ ಅದರ ಸಂಪುಟಗಳಲ್ಲಿವೆ. ಚರಸಿನ ಬಳಕೆ ಮುಖ್ಯವಾಗಿ ಉತ್ತರದ್ದು. ಕನ್ನಡದಲ್ಲಿ ರಾಳಕ್ಕೆ ಪ್ರತ್ಯೇಕವಾದ ಹೆಸರು ಬೇರೂರದಿರುವುದಕ್ಕೆ ಇದೇ ಕಾರಣವೆಂದು ಊಹಿಸಬಹುದು.

ಹೆಸರಿನ ಈ ಪ್ರಶ್ನೆ ಕೇವಲ ಕೋಶಕಾರರಿಗೆ ಸೇರಿದ್ದಲ್ಲ. 1985ರ ಮಾದಕದ್ರವ್ಯ ಕಾಯಿದೆಯು ಚರಸ್ ಎಂಬ ಪದದಲ್ಲಿ ಕಚ್ಚಾ ಅಥವಾ ಶುದ್ಧೀಕರಿಸಿದ ರಾಳದೊಡನೆ ಹಶೀಶ್ ಎಣ್ಣೆಯನ್ನೂ ಸೇರಿಸಿತು. ಹೂಗೊನೆಯ ಜೊತೆಗಿಲ್ಲದ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. 2001ರ ಅಧಿಸೂಚನೆಯಂತೆ ವಾಣಿಜ್ಯ ಪ್ರಮಾಣದ ಮಿತಿ ಗಾಂಜಾಕ್ಕೆ 20 ಕಿಲೋಗ್ರಾಂ, ಚರಸಿಗೆ 1 ಕಿಲೋಗ್ರಾಂ. ಆದುದರಿಂದ ಒಬ್ಬನಲ್ಲಿ ದೊರೆತ 2 ಕಿಲೋಗ್ರಾಂ ವಸ್ತು ಗಾಂಜಾ ಎಂದಾದರೆ ಶಿಕ್ಷೆ ಗರಿಷ್ಠ 10 ವರ್ಷ. ಚರಸ್ ಎಂದಾದರೆ ಕನಿಷ್ಠ 10 ವರ್ಷ.

ದಾಖಲೆಗಳನ್ನು ಕನ್ನಡಿಸುವವರು ಚರಸನ್ನು ಗಾಂಜಾ ಎಂದು ಬರೆದರೆ ತಯಾರಿಕೆಯ ಚರಿತ್ರೆ ಮಸುಕಾಗುತ್ತದೆ. ಮನುಷ್ಯನೊಬ್ಬನ ಸೆರೆವಾಸದ ಅವಧಿಯೂ ತಪ್ಪಾಗಿ ಅರ್ಥವಾಗುತ್ತದೆ. ಭಂಗಿ, ಗಾಂಜಾ, ಚರಸ್ ಎಂಬ ಮೂರು ಪದಗಳನ್ನೂ ಅವುಗಳ ನಿಯತಾರ್ಥದಲ್ಲಿಯೇ ಉಳಿಸಿಕೊಳ್ಳುವುದು ಸಂಶೋಧಕರ ಕರ್ತವ್ಯವಾಗಿದೆ.