ನಾಯಿ ತರುವ ಮೊದಲು ಅದರ ಹಳೇ ಕೆಲಸ ಕೇಳಿ

ನೆಲ್ಯಹುದಿಕೇರಿ, ಸಿದ್ದಾಪುರ ಕಡೆ ತೋಟ ಕಾಯೋಕೆ ಮುಧೋಳ ತರೋದಾ, ಅಲ್ಸೇಷಿಯನ್ ತರೋದಾ ಅನ್ನೋ ಮಾತು ಆಗಾಗ ಬರುತ್ತೆ. ಬೆಲೆ ಕೇಳೋ ಮೊದಲು, ಆ ತಳಿಯನ್ನು ಯಾವ ಕೆಲಸಕ್ಕೆ ಬೆಳೆಸಿದ್ದು ಅಂತ ಕೇಳಬೇಕು. ಅದಕ್ಕೇ ಇವತ್ತು ಸ್ವಲ್ಪ ಚರಿತ್ರೆ.

ಮೊದಲು ನಮ್ಮ ರಾಜ್ಯದ ಕುರಿ ನಾಯಿ. ಕೊಪ್ಪಳ, ಬಾಗಲಕೋಟೆ ಕಡೆಯ ಕುರುಬರು ಕುರಿ ಹೊಡ್ಕೊಂಡು ಊರೂರು ತಿರುಗ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಕಾಳೋ ದುಡ್ಡೋ ಸಿಗುತ್ತೆ. ಅಲ್ಲಿ ಶತ್ರು ಅಂದ್ರೆ ತೋಳ. ಕುರಿ ಹೊಡೆಯೋದು ಮನುಷ್ಯನೇ, ಕೋಲು ಮತ್ತು ಕೂಗಿನಿಂದ. ನಾಯಿಯ ಕೆಲಸ ರಾತ್ರಿ ಹಿಂಡಿನ ಹತ್ತಿರ ಇದ್ದು, ತೋಳ ಬಂದರೆ ಬೊಗಳಿ ಎಬ್ಬಿಸೋದು, ಅಟ್ಟೋದು.

ಮುಧೋಳ ನಾಯಿಯೂ ಅದೇ ಸೀಮೆಯದ್ದು. ಆದರೆ ಅದರ ಮೈಕಟ್ಟು ಬೇರೆ ಕಥೆ ಹೇಳುತ್ತೆ: ಉದ್ದ ಮೂತಿ, ಆಳವಾದ ಎದೆ, ಸಣ್ಣ ಹೊಟ್ಟೆ. ಕಣ್ಣಲ್ಲಿ ನೋಡಿ, ಓಡಿ ಮೊಲ ಹಿಡಿಯೋ ಬೇಟೆ ನಾಯಿ ಅದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಗೆ ಆಸರೆ ಕೊಟ್ಟರು, ಒಂದು ಜೋಡಿಯನ್ನು ದೊರೆ ಐದನೇ ಜಾರ್ಜ್‌ಗೆ ಉಡುಗೊರೆಯಾಗಿ ಕೊಟ್ಟರು. 2005ರಲ್ಲಿ ಇದರ ಅಂಚೆಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ.

ಇನ್ನು ಅಲ್ಸೇಷಿಯನ್. ನಿಜವಾದ ಕುರಿ ನಾಯಿ ಅಂದ್ರೆ ಇದೇ. ಜರ್ಮನಿಯಲ್ಲಿ ಬೇಲಿ ಇಲ್ಲದ ಹೊಲಗಳ ಮಧ್ಯೆ ಕುರಿ ಮೇಯಿಸಬೇಕಿತ್ತು. ಪಕ್ಕದವನ ಪೈರಿಗೆ ಕುರಿ ಬಾಯಿ ಹಾಕದ ಹಾಗೆ ನಾಯಿ ಅಂಚಿನಲ್ಲೇ ದಿನವಿಡೀ ಓಡಾಡ್ತಿತ್ತು. ಅಂದ್ರೆ ಕಾಲಿರೋ ಬೇಲಿ. 1899ರಲ್ಲಿ ಸೇನೆಯ ಕ್ಯಾಪ್ಟನ್ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅಂಥ ನಾಯಿಗಳನ್ನು ಆರಿಸಿ ತಳಿ ಸಂಘ ಕಟ್ಟಿದ. ಕುರಿ ಕಾಯೋ ಕೆಲಸ ಕಮ್ಮಿ ಆಗ್ತಿದ್ದಾಗ ಅದನ್ನು ಪೊಲೀಸ್, ಸೇನೆಗೆ ತಯಾರು ಮಾಡಿದ. ಮೊದಲ ಮಹಾಯುದ್ಧದ ನಂತರ ಜರ್ಮನ್ ಹೆಸರು ಬೇಡ ಅಂತ ಇಂಗ್ಲಿಷರು ಅಲ್ಸೇಷಿಯನ್ ಅಂತ ಕರೆದರು. ನಮ್ಮ ಹಿರಿಯರ ಬಾಯಲ್ಲಿ ಉಳಿದಿದ್ದು ಆ ಹೆಸರೇ.

ಈಗ ನಮ್ಮ ತೋಟಕ್ಕೆ ಬನ್ನಿ. ಕುರುಬರ ನಾಯಿ ತೋಳ ತಡೆಯೋದು ಜೊತೆಗೆ ಬೇರೆ ನಾಯಿ, ಪಕ್ಕದಲ್ಲಿ ಮನುಷ್ಯ ಇರೋದ್ರಿಂದ. ಚಿರತೆ ಓಡಾಡೋ ಜಾಗದಲ್ಲಿ ಒಂದೇ ನಾಯಿಯನ್ನು ರಾತ್ರಿ ಹೊರಗೆ ಸರಪಳಿ ಹಾಕಿ ಬಿಟ್ಟರೆ ಅದು ಕಾವಲು ಅಲ್ಲ, ಚಿರತೆಗೆ ಊಟ. ಮುಧೋಳವನ್ನು ಗೂಡಲ್ಲಿ ಕೂಡಿಹಾಕಿದರೆ ಅದರ ಓಟವೇ ಅದಕ್ಕೆ ಕಾಟ. ಬಿಟ್ಟರೆ ಕಾಡುಮೊಲದ ಹಿಂದೆ ಹೋಗುತ್ತೆ, 1972ರ ವನ್ಯಜೀವಿ ಕಾಯ್ದೆಯ ತಲೆನೋವು ಯಜಮಾನನಿಗೆ. ಅಲ್ಸೇಷಿಯನ್‌ಗೆ ದಿನಾ ನಡಿಗೆ, ಏನಾದ್ರೂ ಕೆಲಸ ಬೇಕೇ ಬೇಕು.

ಆನೆಗೆ ಅಂತ ಬೆಳೆಸಿದ ತಳಿ ಇವ್ಯಾವುದೂ ಅಲ್ಲ. ಆನೆ ಕಂಡ ನಾಯಿ ಬೊಗಳುತ್ತೆ, ಆನೆ ತಿರುಗಿದರೆ ಯಜಮಾನನ ಕಾಲಡಿಗೇ ಓಡಿ ಬರುತ್ತೆ, ಹಿಂದೆ ಆನೆ. ಹಾಗಾಗಿ ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಹೋಗುವಾಗ ನಾಯಿ ಯಾವ ತಳಿಯದ್ದೇ ಆಗಲಿ, ಮನೇಲೇ ಇರಲಿ.